ಸಾಮಾನು ಹೊರಲು ದುಡ್ಡು ಕೊಡಿ, ದಾರಿ ತೋರಿಸಲು ಬೇಡ: ಆಲ್ಪ್ಸ್ ಘಾಟಿಗಳ ಒಂದು ಪ್ಯಾಕೇಜ್

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಪುರುಸೊತ್ತು ಇಲ್ಲದವರು ಇಷ್ಟಕ್ಕೇ ಓದಿ ಏಳಬಹುದು. ಸ್ವಿಟ್ಜರ್ಲೆಂಡಿನ ಘಾಟಿಗಳನ್ನು ನಡೆದೋ ಸೈಕಲ್ ತುಳಿದೋ ದಾಟುವವರಿಗೆ ಗೈಡ್ ಇಲ್ಲದ ಪ್ಯಾಕೇಜ್ ಮಾರುವ ಕಂಪನಿಗಳಿವೆ. ಅವರಿಗೆ ಎರಡು ಕೆಲಸಕ್ಕೆ ದುಡ್ಡು ಕೊಡಿ: ಬ್ಯಾಗು ಹೊರುವುದಕ್ಕೆ, ಸೈಕಲ್ ಬಾಡಿಗೆಗೆ. ಫೋನಿಗೆ ಹಾಕಿಕೊಳ್ಳುವ ದಾರಿಯ ಫೈಲು, 24 ಗಂಟೆ ಸಹಾಯವಾಣಿ, ‘ಸ್ಥಳೀಯರಿಗಷ್ಟೇ ಗೊತ್ತಿರುವ ಗುಟ್ಟು’ ಅಂತ ಪಟ್ಟಿ ಬೆಳೆಸಿ ಕೇಳುವ ದುಡ್ಡು ದಂಡ. ಆ ಕೆಲಸವನ್ನು ರಸ್ತೆ ಪಕ್ಕದ ಬೋರ್ಡು, ಸರ್ಕಾರಿ ನಕ್ಷೆ, ಹಳದಿ ಬಸ್ಸು, ಕೆಂಪು ರೈಲು ಎಷ್ಟೋ ಪಾಲು ಚೆನ್ನಾಗಿ ಮಾಡುತ್ತವೆ.

ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಸುವ ಸಣ್ಣ ಘಟಕ. ಭಾನುವಾರ ಬೆಳಗಾದರೆ ಸಂಗನಕಲ್ಲು, ಕುರುಗೋಡು ಅಂತ ಸೈಕಲ್ ಹತ್ತುತ್ತೇನೆ. ಮೈಯಲ್ಲಿ ಕಸುವಿದ್ದ ವಾರ ಸಂಡೂರು, ಕುಮಾರಸ್ವಾಮಿ ಬೆಟ್ಟ. ಅದಿರು ಲಾರಿಗಳ ಕೆಂಪು ಧೂಳು ಕುಡಿದು ಘಾಟಿ ಹತ್ತಿ ಅಭ್ಯಾಸ ಆದವರು ನಾವು. ಜೊತೆಗೆ ಬಂದವನು ಗಂಗಾವತಿಯ ಭಾಮೈದ, ರೈಸ್‌ಮಿಲ್‌ನವನು. ಅವನಿಗೂ ಸೈಕಲ್ಲಿಗೂ ಆಗಿಬರದು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವುದೇ ಅವನ ವ್ಯಾಯಾಮ, ಅವನ ಭಕ್ತಿ ಎರಡೂ. ಹಾಗಾಗಿ ಒಂದೇ ಕಂಪನಿಯಲ್ಲಿ ಎರಡು ನಮೂನೆ ಪ್ಯಾಕೇಜ್ ಕೊಂಡೆವು: ನನಗೆ ಸೈಕಲ್, ಅವನಿಗೆ ನಡಿಗೆ. ಬೆಳಗ್ಗೆ ಬೇರೆ ಬೇರೆ ಹೊರಡುವುದು, ಘಾಟಿಯ ನೆತ್ತಿಯಲ್ಲಿ ಸೇರುವುದು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಸರಕನ್ನು ಇದೇ ಪೊಟ್ಟಣದಲ್ಲಿ ಮಾರುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ನೀವು ಯಾರ ಹತ್ತಿರ ಕೊಂಡರೂ ನೋಡಬೇಕಾದ್ದು ಇವೇ ಸಂಗತಿಗಳನ್ನು.

ಠಿಕಾಣಿ ಆಂಡರ್‌ಮಾಟ್. ಆ ಊರನ್ನು ಆರಿಸಿಕೊಟ್ಟದ್ದಕ್ಕೆ ಕಂಪನಿಗೆ ಒಂದು ಅಂಕ ಕೊಡಲೇಬೇಕು. ಸುಮಾರು 1440 ಮೀಟರ್ ಎತ್ತರದ ಕಣಿವೆಯಲ್ಲಿರುವ ಊರು. ಪೂರ್ವಕ್ಕೆ ಒಬರಾಲ್ಪ್ ಘಾಟಿ, ಪಶ್ಚಿಮಕ್ಕೆ ಫುರ್ಕಾ, ದಕ್ಷಿಣಕ್ಕೆ ಗೊಟ್ಹಾರ್ಡ್. ಉತ್ತರಕ್ಕೆ ಶೋಲೆನನ್ ಅನ್ನುವ ಕಡಿದಾದ ಕಮರಿ, ಅದರೊಳಗೆ ದೆವ್ವದ ಸೇತುವೆ. ಸೇತುವೆ ಕಟ್ಟಿಕೊಟ್ಟ ದೆವ್ವ ಮೊದಲು ದಾಟುವ ಜೀವ ತನ್ನದು ಅಂದಿತಂತೆ, ಊರವರು ಒಂದು ಮೇಕೆಯನ್ನು ಮುಂದೆ ಬಿಟ್ಟರಂತೆ. ಕೆಳಗಿನ ಬಂಡೆಯಲ್ಲಿ ರಷ್ಯನ್ ಅಕ್ಷರಗಳ ದೊಡ್ಡ ಸ್ಮಾರಕ ಕೊರೆದಿದ್ದಾರೆ: 1799ರಲ್ಲಿ ರಷ್ಯದ ಸೇನಾಪತಿ ಸುವೊರೊವ್‌ನ ಸೈನ್ಯ ಗೊಟ್ಹಾರ್ಡ್ ದಾಟಿ ಬಂದು ಫ್ರೆಂಚರ ಜೊತೆ ಕಾದಿದ್ದು ಇಲ್ಲೇ. ಬಹುಕಾಲ ಸೈನಿಕರ ಊರಾಗಿದ್ದ ಆಂಡರ್‌ಮಾಟ್‌ನಲ್ಲಿ ಈಗ ಈಜಿಪ್ಟಿನ ಉದ್ಯಮಿ ಸಮಿಹ್ ಸಾವಿರಿಸ್ ಕಟ್ಟಿಸಿದ ಐಷಾರಾಮಿ ಹೋಟೆಲುಗಳು ಎದ್ದಿವೆ. ಕಾಫಿಗೆ ಐದು ಫ್ರಾಂಕ್ ಆಸುಪಾಸು, ಫ್ರಾಂಕಿಗೆ ನೂರು ರೂಪಾಯಿ ದಾಟಿದೆ. ಲೆಕ್ಕ ಹಾಕುತ್ತಾ ಕೂತರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ, ಆದ್ದರಿಂದ ಮೊದಲ ದಿನವೇ ಲೆಕ್ಕ ಬಿಟ್ಟೆವು.

ಬ್ಯಾಗು ಸಾಗಣೆ ಹೇಗಿತ್ತು ಅಂದರೆ, ತಪ್ಪು ಹುಡುಕಲು ಕೂತರೂ ಸಿಗಲಿಲ್ಲ. ಊರು ಬದಲಿಸುವ ದಿನ ಬೆಳಗ್ಗೆ ಎಂಟೂವರೆಗೆ ಹೋಟೆಲಿನ ಬಾಗಿಲ ಬಳಿ ಬ್ಯಾಗು ಇಟ್ಟು ಹಳದಿ ಚೀಟಿ ಕಟ್ಟಿದರೆ, ಸಂಜೆ ಮುಂದಿನ ಊರಿನ ಹೋಟೆಲಿನಲ್ಲಿ ನಮಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಒಂದು ಬ್ಯಾಗಿಗೆ 20 ಕಿಲೋ ಮಿತಿ, ಅದನ್ನು ತಕ್ಕಡಿ ಹಿಡಿದು ನೋಡುತ್ತಾರೆ. ಘಾಟಿ ದಾಟುವ ಗಾಡಿಯಲ್ಲಿ ನಮ್ಮ ಭಾರ ಹೋಗುತ್ತಿದ್ದರೆ ಬೆನ್ನ ಮೇಲೆ ನೀರು, ಮಳೆಯಂಗಿ, ತಿಂಡಿ ಇಷ್ಟೇ. ಗೊಟ್ಹಾರ್ಡಿನಲ್ಲಿ ಈ ಕೆಲಸ ಹಳೆಯದು. 13ನೇ ಶತಮಾನದಲ್ಲಿ ಶೋಲೆನನ್ ಕಮರಿಯಲ್ಲಿ ದಾರಿ ತೆರೆದ ಮೇಲೆ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ದಾಟುವುದೇ ಆ ಊರುಗಳ ಕಸುಬಾಯಿತು. ನಮ್ಮ ಲಂಬಾಣಿಗಳು ಹೇರೆತ್ತುಗಳ ಮೇಲೆ ಉಪ್ಪು, ಕಾಳು ಹೊತ್ತು ಘಾಟಿ ಇಳಿಯುತ್ತಿದ್ದರಲ್ಲ, ಹಾಗೇ. ಆ ಹಳೇ ಹೇರುದಾರಿಯ ಕಲ್ಲುಹಾಸು ಇನ್ನೂ ಉಳಿದಿದೆ, ಭಾಮೈದ ನಡೆದದ್ದು ಅದರ ಮೇಲೆಯೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೈಕಲ್ ಕೊಟ್ಟಿದ್ದು ಮೋಟರ್ ಇರುವುದು. ಇದಕ್ಕೆ ನಮ್ಮ ಬಳಗದಲ್ಲಿ ಮೂಗು ಮುರಿಯುವವರಿದ್ದಾರೆ ಅಂತ ಗೊತ್ತು. ತುಳಿದರೆ ಮಾತ್ರ ಮೋಟರ್ ಕೈಜೋಡಿಸುತ್ತದೆ, ಗಂಟೆಗೆ 25 ಕಿ.ಮೀ. ದಾಟಿದರೆ ಸುಮ್ಮನಾಗುತ್ತದೆ. ಐವತ್ತು ದಾಟಿದ ಮೊಣಕಾಲಿಗೆ ಅದು ಅನ್ಯಾಯವೇನಲ್ಲ. 2400 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗಕ್ಕೆ ಇಳಿದಿರುತ್ತದೆ. ಬಳ್ಳಾರಿಯ ಬಯಲಿನಲ್ಲಿ ಬೆಳೆದ ಪುಪ್ಪುಸಕ್ಕೆ ಅದು ತಿಳಿಯುವುದು ಮಾತಾಡುತ್ತಾ ತುಳಿಯಲು ಹೋದಾಗ. ಚೈನು ಹೊಸದು, ಗೇರು ಬೆಣ್ಣೆಯಂತೆ ಬೀಳುತ್ತಿತ್ತು, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಪ್ಯಾಡ್ ಕೂಡ ಹೊಸದು. ಬ್ಯಾಗಿನ ಹೊಲಿಗೆ ನೋಡುವುದು ನನ್ನ ಕಸುಬಿನ ಚಾಳಿ. ಪಕ್ಕಕ್ಕೆ ತೂಗುಹಾಕುವ ಚೀಲಗಳಲ್ಲಿ ಹೊಲಿಗೆಯೇ ಇರಲಿಲ್ಲ, ಅಂಚುಗಳನ್ನು ಕಾಯಿಸಿ ಬೆಸೆದಿದ್ದರು. ಸೂಜಿ ತೂತೇ ಇಲ್ಲದ ಮೇಲೆ ನೀರು ಎಲ್ಲಿಂದ ಬರಬೇಕು? ಪಟ್ಟಿ ಕೂಡುವ ಕಡೆ ಮಾತ್ರ ದಪ್ಪ ಬಾರ್‌ಟ್ಯಾಕ್ (ಒತ್ತೊತ್ತಾಗಿ ಹಾಕುವ ಗಟ್ಟಿ ಹೊಲಿಗೆ), ಅದೂ ಒಳಗಿನಿಂದ ತೇಪೆ ಕೊಟ್ಟು. ಮನಸ್ಸು ತುಂಬಿ ಬಂತು.

ಆದರೆ ಒಂದು ಮಾತು, ಇದನ್ನು ಅಂಗಡಿಯ ಹುಡುಗ ಹೇಳಲಿಲ್ಲ. ಬಳ್ಳಾರಿಯಲ್ಲಿ ನನ್ನ ಸೈಕಲ್ಲಿಗೆ ಬಲಗೈ ಬ್ರೇಕ್ ಅಂದರೆ ಮುಂದಿನ ಚಕ್ರ. ಅಲ್ಲಿ ಎಡಗೈ ಹಿಡಿದರೆ ಮುಂದಿನದು, ಬಲಗೈ ಹಿಡಿದರೆ ಹಿಂದಿನದು. ಸಮತಟ್ಟಿನಲ್ಲಿ ಇದೇನು ಮಹಾ ಅನಿಸುತ್ತದೆ. ಇಳಿಜಾರಿನಲ್ಲಿ ಬೆರಳುಗಳು ತಲೆಯನ್ನು ಕೇಳಿ ಹಿಡಿಯುವುದಿಲ್ಲ, ಹಳೇ ಅಭ್ಯಾಸದ ಮೇಲೆ ಹಿಡಿಯುತ್ತವೆ. ಮಳೆಯಲ್ಲಿ ಎಡಗೈ ಗಟ್ಟಿ ಹಿಡಿದರೆ ಮುಂದಿನ ಚಕ್ರ ಜಾರಿ ಸೀದಾ ತಿರುವಿನಾಚೆ. ಸೈಕಲ್ ಕೈಗೆ ಬಂದ ಸಂಜೆ ಹೋಟೆಲಿನ ಹಿಂದಿನ ಇಳುಕಲಿನಲ್ಲಿ ಹತ್ತಿಳಿದು ಹತ್ತಿಳಿದು ಕೈಗೆ ಕಲಿಸಿದೆ. ಬೇಕಾದರೆ ಅಂಗಡಿಯವರು ಕೇಬಲ್ ಅದಲುಬದಲು ಮಾಡುತ್ತಾರಂತೆ, ಹೈಡ್ರಾಲಿಕ್‌ನಲ್ಲಿ ಅದು ದೊಡ್ಡ ಕೆಲಸ, ಸುಮ್ಮನೆ ಕೈಯನ್ನೇ ಪಳಗಿಸುವುದು ವಾಸಿ. ಇನ್ನೊಂದು, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿಯಬಾರದು, ಡಿಸ್ಕ್ ಕಾದು ಹಿಡಿತ ಸಡಿಲುತ್ತದೆ. ತಿರುವಿಗೆ ಮುಂಚೆ ಗಟ್ಟಿ ಹಿಡಿದು ಬಿಡುವುದು, ನೇರದಲ್ಲಿ ಗಾಳಿಗೆ ತಣ್ಣಗಾಗಲು ಬಿಡುವುದು.

ಈಗ ದಾರಿಯ ಫೈಲಿನ ಕಥೆ. ಕಂಪನಿ ದೊಡ್ಡದಾಗಿ ಹೇಳಿಕೊಂಡಿದ್ದು ಇದನ್ನೇ. ಫೋನಿಗೆ ಹಾಕಿಕೊಂಡರೆ ಪ್ರತಿ ತಿರುವನ್ನೂ ಹೇಳುತ್ತದೆ, ಕೈಯಿಂದ ಪರೀಕ್ಷಿಸಿ ಮಾಡಿದ್ದು ಅಂತ. ಗೊಟ್ಹಾರ್ಡ್ ನೆತ್ತಿಯಿಂದ ಉತ್ತರಕ್ಕೆ ಹೊಸ್ಪೆಂಟಾಲ್ ಊರಿಗೆ ಇಳಿಯುವಾಗ (ಭಾಮೈದ ಕೊನೆವರೆಗೂ ಹೊಸಪೇಟೆ ಅಂತಲೇ ಕರೆದ) ನನ್ನ ಫೋನು ಡಾಂಬರು ಬಿಟ್ಟು ಎಡಕ್ಕೆ ಇಳಿ ಅಂದಿತು. ನೋಡಿದರೆ ಎದುರಿಗೆ ಕಲ್ಲಿನ ಮೆಟ್ಟಿಲು, ಬಂಡೆಗೆ ಬಳಿದ ಬಿಳಿ-ಕೆಂಪು-ಬಿಳಿ ಪಟ್ಟೆ. ಅದು ಗುಡ್ಡದ ಕಾಲುದಾರಿಯ ಗುರುತು! ಸಂಜೆ ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಡಿಗೆಯ ಫೈಲು, ಸೈಕಲ್ ಫೈಲು ಆ ಭಾಗದಲ್ಲಿ ಗೆರೆಗೆ ಗೆರೆ ಒಂದೇ. ಹೆಸರು ಬದಲಿಸಿ ಎರಡು ಸಲ ಮಾರಿದ್ದರು.

ನನಗೇನೂ ಆಗಲಿಲ್ಲ, ಯಾಕೆಂದರೆ ಬೋರ್ಡು ನೋಡುತ್ತಿದ್ದೆ. ಅಲ್ಲಿನ ಬೋರ್ಡುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಡೆಯುವವರಿಗೆ ಹಳದಿ, ಸೈಕಲ್ಲಿನವರಿಗೆ ಕೆಂಪು. ಹಳದಿ ಬೋರ್ಡಿನ ಮೇಲೆ ಮುಂದಿನ ಊರಿಗೆ ಎಷ್ಟು ದೂರ ಅಂತ ಇರುವುದಿಲ್ಲ, ಎಷ್ಟು ಹೊತ್ತು ಅಂತ ಇರುತ್ತದೆ. ಕೂತು ತಿಂದ ಹೊತ್ತು ಅದರಲ್ಲಿ ಸೇರಿಲ್ಲ. ಬರೀ ಹಳದಿ ಗುರುತಿದ್ದರೆ ಸಾದಾ ದಾರಿ, ಬಿಳಿ-ಕೆಂಪು-ಬಿಳಿ ಇದ್ದರೆ ಗುಡ್ಡದ ಬೂಟು ಬೇಕು, ಬಿಳಿ-ನೀಲಿ-ಬಿಳಿ ಇದ್ದರೆ ನಮ್ಮಂಥವರು ಹಿಂದಕ್ಕೆ ತಿರುಗಬೇಕು. ದೇಶದುದ್ದಕ್ಕೂ 65,000 ಕಿ.ಮೀ.ಗೂ ಮೀರಿ ಇಂಥ ಕಾಲುದಾರಿಗಳಿಗೆ ಗುರುತು ಹಾಕಿದ್ದಾರೆ. ಸೈಕಲ್ಲಿನ ಕೆಂಪು ಬೋರ್ಡಿನಲ್ಲಿ ದಾರಿಯ ನಂಬರ್ ಇರುತ್ತದೆ. ರಾಷ್ಟ್ರೀಯ ಸೈಕಲ್ ಮಾರ್ಗಗಳಲ್ಲಿ 1 ರೋನ್ ನದಿಯ ಜೊತೆ ಜಿನೀವಾ ಕಡೆಗೆ, 2 ರೈನ್ ನದಿಯ ಜೊತೆ ಬಾಸೆಲ್ ಕಡೆಗೆ, 3 ಬಾಸೆಲ್‌ನಿಂದ ಇಟಲಿ ಗಡಿಯ ಕಿಯಾಸೊಗೆ. ಮೂರೂ ಆಂಡರ್‌ಮಾಟ್ ಮುಟ್ಟುತ್ತವೆ. ಅಂದರೆ ಊರ ಮಧ್ಯೆ ನಿಂತು ಒಂದು ನಂಬರ್ ಹಿಡಿದರೆ ಸಾಕು, ಘಾಟಿ ತಾನೇ ಎದುರಾಗುತ್ತದೆ. ಸಾಲದಿದ್ದರೆ ಸ್ವಿಸ್‌ಟೋಪೊ ಅನ್ನುವ ಸರ್ಕಾರಿ ನಕ್ಷೆಯ ಆ್ಯಪ್ ಪುಕ್ಕಟೆ ಸಿಗುತ್ತದೆ. ಬಂಡೆ, ತೊರೆ, ದನದ ಕೊಟ್ಟಿಗೆ ಸಮೇತ ಕಾಣಿಸುತ್ತದೆ, ಮುಚ್ಚಿದ ಕಾಲುದಾರಿಗಳನ್ನೂ ತೋರಿಸುತ್ತದೆ. ಇಷ್ಟೆಲ್ಲ ಇರುವ ಕಡೆ ಖಾಸಗಿ ಫೈಲು ಕೊಳ್ಳುವುದು ಯಾವ ಪುರುಷಾರ್ಥಕ್ಕೆ?

ಗೊಟ್ಹಾರ್ಡ್ ದಿನವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡು ನೆನಪೇ ಆಗದ ದಿನ ಅದು. ಕಂಪನಿಯ ಕಾಗದದಲ್ಲಿ ಇದ್ದದ್ದು ಉತ್ತರದಿಂದ ಹತ್ತಿ ದಕ್ಷಿಣಕ್ಕೆ ಟ್ರೆಮೋಲಾ ರಸ್ತೆಯಲ್ಲಿ ಇಳಿಯುವುದು. ನಾನು ತಿರುಗುಮುರುಗು ಮಾಡಿದೆ. ಬೆಳಗ್ಗೆ ರೈಲು ಹಿಡಿದು ಗೋಶೆನನ್, ಅಲ್ಲಿಂದ 1882ರಲ್ಲಿ ತೆರೆದ 15 ಕಿ.ಮೀ. ಸುರಂಗದಲ್ಲಿ ಬೆಟ್ಟದ ಅಡಿಯಿಂದ ದಾಟಿ ಐರೋಲೊದಲ್ಲಿ ಇಳಿದೆ. ಒಳಗೆ ಹೋಗುವಾಗ ಜರ್ಮನ್ ಮಾತು, ಹೊರಗೆ ಬಂದಾಗ ಇಟಾಲಿಯನ್. ಆದೋನಿ, ಗುಂತಕಲ್ ಕಡೆ ದಿನಾ ಓಡಾಡುವ ಬಳ್ಳಾರಿಯವರಿಗೆ ಅದರಲ್ಲಿ ಬೆರಗೇನಿಲ್ಲ. ಐರೋಲೊ 1175 ಮೀಟರ್, ಘಾಟಿ 2106 ಮೀಟರ್. ಟ್ರೆಮೋಲಾದಲ್ಲಿ ಡಾಂಬರು ಇಲ್ಲ, ಗ್ರಾನೈಟ್ ಕಲ್ಲಿನ ಹಾಸು. ಕಲ್ಲುಹಾಸನ್ನು ಹತ್ತುವುದು ಸುಖ, ಇಳಿಯುವುದು ಮಣಿಕಟ್ಟಿಗೆ ಶಿಕ್ಷೆ. ನಿಮ್ಮ ಪ್ಯಾಕೇಜಿನಲ್ಲೂ ಇಳಿಯುವಂತೆ ಬರೆದಿದ್ದರೆ ತಿರುಗಿಸಿಕೊಳ್ಳಿ.

ಆ ಕಲ್ಲುಗಳನ್ನು ಇಳಿದು ನಿಂತು ನೋಡಿದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಚೌಕ ಕಲ್ಲು, ಕಮಾನು ಕಮಾನಾಗಿ ಜೋಡಿಸಿದ್ದಾರೆ. ನೇರ ಸಾಲಿನಲ್ಲಿ ಇಟ್ಟರೆ ಇಳಿಜಾರಿನ ಒತ್ತಡಕ್ಕೆ ಸಾಲಿಗೆ ಸಾಲೇ ಜರುಗುತ್ತದೆ. ಕಮಾನಿನಲ್ಲಿ ಒಂದು ಕಲ್ಲು ಇನ್ನೊಂದನ್ನು ಒತ್ತಿ ಹಿಡಿಯುತ್ತದೆ. ಬಳ್ಳಾರಿಯ ಗುಡ್ಡದ ಕೆಳಗೆ ಹುಟ್ಟಿದವನಿಗೆ ಕಲ್ಲು ಹೊಸದಲ್ಲ, ಆದರೂ ಈ ಅಚ್ಚುಕಟ್ಟಿಗೆ ತಲೆ ಬಾಗಿತು. ಕಡಿದಾದ ಜಾಗದಲ್ಲಿ 24 ತಿರುವುಗಳು, ಒಂದರ ತಲೆಯ ಮೇಲೆ ಇನ್ನೊಂದು. ಕೆಳಗಿನಿಂದ ನೋಡಿದರೆ ರಸ್ತೆಯೇ ಕಾಣುವುದಿಲ್ಲ, ಬರೀ ಕಲ್ಲಿನ ತಡೆಗೋಡೆಗಳು ಕಾಣುತ್ತವೆ. ತಿರುವಿನ ಒಳಬದಿ ತೀರಾ ಕಡಿದು, ಗಾಡಿ ಬರದಿದ್ದರೆ ಹೊರಬದಿ ಹಿಡಿದು ಹತ್ತಬೇಕು. ಗಾಡಿಗಳು ಬರುವುದೂ ಕಡಿಮೆ. ಲಾರಿಗಳೆಲ್ಲ 1980ರಲ್ಲಿ ತೆರೆದ ಸುಮಾರು 17 ಕಿ.ಮೀ. ರಸ್ತೆ ಸುರಂಗದಲ್ಲಿ ಹೋಗುತ್ತವೆ. ದೂರದ ರೈಲುಗಳು ಇನ್ನೂ ಕೆಳಗೆ, 2016ರಲ್ಲಿ ತೆರೆದ 57 ಕಿ.ಮೀ. ಸುರಂಗದಲ್ಲಿ, ಪ್ರಪಂಚದಲ್ಲೇ ಅತಿ ಉದ್ದದ ರೈಲು ಸುರಂಗ ಅದು. ಘಾಟಿಗೆ ಹೋಗುವ ಕಾರುಗಳಿಗೂ ಬೇರೆ ಹೊಸ ರಸ್ತೆ ಇದೆ. ಉಳಿದ ಹಳೇ ರಸ್ತೆ ಸೈಕಲ್ಲಿನವರ ಪಾಲು. ಸಂಡೂರಿನ ಘಾಟಿಯಲ್ಲಿ ಲಾರಿಗೆ ದಾರಿ ಬಿಟ್ಟು ಬಿಟ್ಟು ಚರಂಡಿಗೆ ಇಳಿದವನಿಗೆ ಈ ಏರ್ಪಾಟು ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನೆತ್ತಿಯ ಮೇಲೆ ಪುಟ್ಟ ಕೆರೆಗಳು, ಹಳೇ ಧರ್ಮಶಾಲೆ, ಒಂದು ವಸ್ತುಸಂಗ್ರಹಾಲಯ, 2020ರಲ್ಲಿ ಶುರುವಾದ ಐದು ಗಾಳಿಯಂತ್ರಗಳು. ಕೊಪ್ಪಳ, ಗದಗದ ಬಯಲಿನಲ್ಲಿ ಸಾಲುಸಾಲು ಗಾಳಿಯಂತ್ರ ನೋಡಿದ ಭಾಮೈದ ‘ಐದಾ? ಬರೀ ಐದಾ?’ ಅಂದ.

ಅವನು ಬಂದದ್ದು ಹೊಸ್ಪೆಂಟಾಲ್‌ನಿಂದ ಹೇರುದಾರಿಯಲ್ಲಿ, ಮೂರು ಗಂಟೆ ಚಿಲ್ಲರೆ. ಅವನ ಪ್ರಕಾರ ನಡಿಗೆಯೇ ಮೇಲು. ಸೈಕಲ್ಲಿನವನಿಗೆ ತನ್ನ ಮುಂದಿನ ಚಕ್ರವೇ ಕಾಣುತ್ತಿರುತ್ತದೆ ಅನ್ನುವುದು ಅವನ ವಾದ. ನಾನು ಕಾಣದೇ ಹೋದದ್ದನ್ನು ಅವನು ಕಂಡದ್ದು ನಿಜ. ಮಾರ್ಮೊಟ್ ಅನ್ನುವ ದಪ್ಪ ಅಳಿಲಿನ ಜಾತಿಯ ಪ್ರಾಣಿ ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಸಿಳ್ಳೆ ಹಾಕುತ್ತದಂತೆ, ಆ ಸಿಳ್ಳೆಗೆ ಗುಡ್ಡದ ಮಾರ್ಮೊಟ್‌ಗಳೆಲ್ಲ ಮಾಯ. ದಾರಿಯಲ್ಲಿ ದನಗಳ ಬಗ್ಗೆ ಒಂದು ಎಚ್ಚರಿಕೆ ಬೋರ್ಡು ಇತ್ತು: ಕರುವಿರುವ ಹಸುಗಳ ಹತ್ತಿರ ಹೋಗಬೇಡಿ, ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ. ನಮ್ಮವರು ಈ ಬೋರ್ಡನ್ನು ನಗೆಯಾಡಿ ಮುಂದೆ ಹೋಗುತ್ತಾರೆ, ಹಸು ಅಲ್ಲವೇ ಅಂತ ಹಣೆ ಮುಟ್ಟಲು ಹೋಗುತ್ತಾರೆ. ಬೇಡ. ಆ ಹಸುಗಳು ಬೇಸಿಗೆ ಪೂರ್ತಿ ಗುಡ್ಡದಲ್ಲಿ ಕರುಗಳ ಜೊತೆ ತಾವೇ ಇರುತ್ತವೆ, ಹತ್ತಿರ ಬಂದವರನ್ನು ಹಾಯುತ್ತವೆ. ಭಾಮೈದ ಮನೆಯಲ್ಲಿ ಎಮ್ಮೆ ಕಟ್ಟಿದವನು, ಅವನೇ ಸುತ್ತು ಹಾಕಿ ಬಂದ.

ಫುರ್ಕಾ ಬೇರೆಯದೇ ಜಾತಿ. 2429 ಮೀಟರ್. ರಿಯಾಲ್ಪ್ ಊರು ದಾಟಿದ ಕೂಡಲೇ ರಸ್ತೆ ಎದೆಯೆತ್ತಿ ಹತ್ತುತ್ತದೆ, ಮೇಲೆ ಹೋದಂತೆ ಕಿರಿದಾಗುತ್ತದೆ, ಕೆಲವು ಕಡೆ ಅಂಚಿಗೆ ಇರುವುದು ಮೊಣಕಾಲೆತ್ತರದ ಕಲ್ಲುಗಳಷ್ಟೇ. ಇಲ್ಲಿ ಸುರಂಗ ರಸ್ತೆ ಇಲ್ಲ, ಆದ್ದರಿಂದ ಕಾರು, ಮೋಟರ್‌ಬೈಕುಗಳ ದಂಡು. ನಾವು ಹೋದದ್ದು ಸೆಪ್ಟೆಂಬರ್ ಆರಂಭದಲ್ಲಿ, ವಾರದ ನಡುವೆ. ಆದರೂ ಹತ್ತು ಗಂಟೆ ಆದಮೇಲೆ ಬೈಕುಗಳ ಗುಡುಗು. ಈ ಘಾಟಿಗೆ ಬೆಳಗ್ಗೆ ಏಳಕ್ಕೇ ಹೊರಡಿ, ಭಾನುವಾರ ಅಂತೂ ಬೇಡವೇ ಬೇಡ. ಕಂಪನಿ ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು. ಬದಲಿಗೆ ‘ಮರೆಯಲಾಗದ ನೋಟ’ ಅಂತ ನಾಲ್ಕು ಸಲ ಬರೆದಿದ್ದರು.

ನೆತ್ತಿ ದಾಟಿ ಪಶ್ಚಿಮಕ್ಕೆ ಸ್ವಲ್ಪ ಇಳಿದರೆ ಬೆಲ್ವೆಡೇರ್, ತಿರುವಿನ ಮಡಿಲಲ್ಲಿ ಕೂತ ಹಳೇ ಹೋಟೆಲು, ಮುಚ್ಚಿ ವರ್ಷಗಳಾಗಿವೆ. ಅದರ ಹಿಂದೆ ರೋನ್ ಹಿಮನದಿ. 19ನೇ ಶತಮಾನದ ಮಧ್ಯದಲ್ಲಿ ಈ ಹಿಮನದಿ ಕೆಳಗಿನ ಗ್ಲೆಚ್ ಬಯಲಿನವರೆಗೆ ಚಾಚಿತ್ತು. ಈಗ ರಸ್ತೆಯಿಂದ ನೋಡಿದರೆ ಬೋಳು ಬಂಡೆ, ಅದರಾಚೆ ಹಸಿರು ಬಣ್ಣದ ನೀರು, ಅದರಾಚೆ ಹಿಮದ ಅಂಚು. ಅಂಚಿಗೆ ದೊಡ್ಡ ದೊಡ್ಡ ಬಿಳಿ ಬಟ್ಟೆ ಹೊದಿಸಿದ್ದಾರೆ, ಬಿಸಿಲನ್ನು ಹಿಂದಕ್ಕೆ ಎಸೆದು ಕರಗುವುದನ್ನು ತಡಮಾಡಲಿ ಅಂತ. ಕಟ್ಟಿಂಗ್ ಟೇಬಲ್ಲಿನ ಮೇಲೆ ದಿನವೆಲ್ಲ ಬಟ್ಟೆ ಹಾಸುವ ನಾನು ಆ ಬಟ್ಟೆಯನ್ನು ಬಹಳ ಹೊತ್ತು ನೋಡಿದೆ. ಅಂಚುಗಳು ಕಿತ್ತು ಜೂಲು ಜೂಲಾಗಿದ್ದವು, ಜೋಡಣೆ ಬಿಟ್ಟುಕೊಂಡ ಕಡೆ ಮಂಜು ತೊಟ್ಟಿಕ್ಕುತ್ತಿತ್ತು.

ಫುರ್ಕಾದಿಂದ ವಾಪಸ್ ಇಳಿಯುವಾಗ ಹಿಂದಿನ ಚಕ್ರ ಮೆತ್ತಗಾಯಿತು. ಪಂಕ್ಚರ್ ಯಾರ ತಪ್ಪೂ ಅಲ್ಲ. ಕಂಪನಿ ಕೊಟ್ಟ ರಿಪೇರಿ ಚೀಲ ಬಿಚ್ಚಿದರೆ ಟ್ಯೂಬಿನ ವಾಲ್ವ್ ಒಂದು ನಮೂನೆ, ಪಂಪಿನ ಬಾಯಿ ಇನ್ನೊಂದು ನಮೂನೆ. ಒಂದಕ್ಕೊಂದು ಕೂಡುವುದೇ ಇಲ್ಲ. ಸಹಾಯವಾಣಿಗೆ ಹೊಡೆದೆ. ರಿಂಗಾಯಿತು, ರಿಂಗಾಯಿತು, ಆಮೇಲೆ ಮೂರು ಭಾಷೆಯಲ್ಲಿ ಸಂದೇಶ ಬಿಡಿ ಅಂದಿತು. ಸಂದೇಶ ಬಿಟ್ಟೆ. ಅದಕ್ಕೆ ಉತ್ತರ ಬಂದದ್ದು ರಾತ್ರಿ ಊಟ ಮುಗಿದು ಎಲೆಯಡಿಕೆ ಹಾಕುವ ಹೊತ್ತಿಗೆ: ‘ಸಮಸ್ಯೆ ಬಗೆಹರಿಯಿತೇ?’ ಅಷ್ಟರಲ್ಲಿ ನಾನು ಸೈಕಲ್ ತಳ್ಳಿಕೊಂಡು ರಿಯಾಲ್ಪ್ ಸ್ಟೇಷನ್ ಸೇರಿ, ನನಗೊಂದು ಸೈಕಲ್ಲಿಗೊಂದು ಟಿಕೆಟ್ ತೆಗೆದು, ಕೆಂಪು ರೈಲಿನಲ್ಲಿ ಸೈಕಲ್ ನೇತುಹಾಕಿ ಆಂಡರ್‌ಮಾಟ್ ಮುಟ್ಟಿ, ಸ್ನಾನವೂ ಮಾಡಿ ಕೂತಿದ್ದೆ.

ರೈಲಿಗೆ ಕಾಯುವಾಗ ಒಂದು ಲಾಭ ಆಯಿತು. ರಿಯಾಲ್ಪ್‌ನಿಂದ ಒಬರ್ವಾಲ್ಡ್‌ವರೆಗೆ ಹಳೇ ಘಾಟಿ ಮಾರ್ಗದಲ್ಲಿ ಉಗಿಬಂಡಿ ಓಡುತ್ತದೆ. 1982ರಲ್ಲಿ ಫುರ್ಕಾದ ಅಡಿ ಸುರಂಗ ಬಂದ ಮೇಲೆ ಈ ಮಾರ್ಗ ಬೇಡವಾಗಿತ್ತು. ಉತ್ಸಾಹಿಗಳು ಕೂಡಿ ಅದನ್ನು ಉಳಿಸಿಕೊಂಡರು. ಹಿಂದೆ ಇಲ್ಲಿಂದ ವಿಯೆಟ್ನಾಂಗೆ ಮಾರಿದ್ದ ಎಂಜಿನ್‌ಗಳನ್ನು 1990ರಲ್ಲಿ ಅಲ್ಲಿಂದ ವಾಪಸ್ ತಂದರು, 2010ಕ್ಕೆ ಪೂರ್ತಿ ಮಾರ್ಗ ತೆರೆಯಿತು. ಬೇಸಿಗೆಯಲ್ಲಿ ಮಾತ್ರ, ಅದೂ ಎಲ್ಲಾ ದಿನ ಅಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋದರೆ ಅವರನ್ನು ಇದರಲ್ಲಿ ಕೂರಿಸಿ ನೀವು ಸೈಕಲ್ ಹತ್ತಬಹುದು.

ಹಳದಿ ಬಸ್ಸು ಅಂದೆನಲ್ಲ, ಪೋಸ್ಟ್‌ಬಸ್. ಮೂರು ಸ್ವರದ ಹಾರ್ನ್ ಬಾರಿಸುತ್ತಾ ಕಣ್ಣಿಗೆ ಕಾಣದ ತಿರುವಿನಿಂದ ಬರುತ್ತದೆ. ಇಟಲಿಯ ಸಂಗೀತಗಾರ ರೊಸ್ಸಿನಿಯ ‘ವಿಲಿಯಂ ಟೆಲ್’ ಸಂಗೀತದಿಂದ ತೆಗೆದ ಸ್ವರ ಅದು. ಘಾಟಿಯ ಪೋಸ್ಟ್ ರಸ್ತೆಗಳಲ್ಲಿ, ಅಂದರೆ ಈ ಬಸ್ಸಿಗೆಂದು ಗುರುತು ಹಾಕಿದ ರಸ್ತೆಗಳಲ್ಲಿ, ಆ ಡ್ರೈವರ್ ಕೈ ಸನ್ನೆ ಮಾಡಿದರೆ ಉಳಿದ ಗಾಡಿಗಳು ಕೇಳಲೇಬೇಕು, ಕಾನೂನೇ ಹಾಗಿದೆ. ಮೋಡ ಕವಿದರೆ, ಕಾಲು ಸೋತರೆ ಬಸ್ಸಿಗೆ ಕೈ ಮಾಡಿ. ಸೈಕಲ್ ಹಾಕುವ ಜಾಗ ಮಿತಿ, ಕೆಲವು ಮಾರ್ಗಗಳಲ್ಲಿ ಮುಂಚೆಯೇ ಕಾದಿರಿಸಬೇಕು. ಘಾಟಿಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ, ಬೆಳಗಿನ ಆಕಾಶ ನಂಬಿ ಬಸ್ಸಿನ ವೇಳೆ ನೋಡದೆ ಹೋಗಬೇಡಿ. ನಿಜವಾದ ಅಪಾಯವಾದರೆ ಕಂಪನಿಯ ನಂಬರ್ ಮರೆತುಬಿಡಿ. 112, ಇಲ್ಲವೇ ಹೆಲಿಕಾಪ್ಟರ್ ರಕ್ಷಣೆಯ ರೇಗಾ 1414. ವೀಸಾಕ್ಕೆ ಕೇಳುವ 30,000 ಯೂರೋ ವಿಮೆಯಲ್ಲಿ ಗುಡ್ಡದ ರಕ್ಷಣೆ ಸೇರಿದೆಯೋ ಇಲ್ಲವೋ ಸಣ್ಣ ಅಕ್ಷರ ಓದಿ ನೋಡಿ.

ಬಟ್ಟೆ ವಿಷಯ. ಜೀನ್ಸ್ ಮಾರಿ ಅನ್ನ ತಿನ್ನುವ ನಾನೇ ಹೇಳುತ್ತಿದ್ದೇನೆ: ಘಾಟಿಗೆ ಜೀನ್ಸ್ ಹಾಕಬೇಡಿ. ಹತ್ತಿಯ ಡೆನಿಮ್ ನೀರು ಹಿಡಿದರೆ ಒಣಗುವುದು ಮರುದಿನ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಣ್ಣಗಾಗುತ್ತದೆ, ಒದ್ದೆ ತೊಡೆಗೆ ಇಳಿಜಾರಿನ ಗಾಳಿ ಬಡಿದರೆ ಆಮೇಲೆ ಬೇರೆ ಶತ್ರು ಬೇಡ. ನಾವು 42 ಡಿಗ್ರಿ ಬಿಸಿಲಿಗೆ ಹೆದರದವರು, ಆದರೆ ಬೆವರಿದ ಮೈಯಲ್ಲಿ ಫುರ್ಕಾ ಇಳಿಯುವಾಗ ಹಲ್ಲು ಕಟಕಟ ಅಂದವು. ಕಂಪನಿ ಬಾಡಿಗೆಗೆ ಕೊಡುವ ಮಳೆ ಪ್ಯಾಂಟ್ ಬೇಡ. ಹೊಲಿಗೆಯ ಮೇಲೆ ಒಳಗಿನಿಂದ ಅಂಟಿಸಿದ ಟೇಪು ಒಗೆದು ಒಗೆದು ಎದ್ದುಬಂದಿತ್ತು, ಬೆರಳು ಹಾಕಿ ಎಳೆದರೆ ಪಟ್ಟಿಯಾಗಿ ಕೈಗೆ ಬಂತು. ಕೊಳ್ಳುವಾಗ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಕವಲಿನ ಹತ್ತಿರ ನಾಲ್ಕು ಹೊಲಿಗೆ ಕೂಡುವ ಜಾಗ ನೋಡಿ, ಸೋರುವುದು ಅಲ್ಲಿಂದಲೇ. ಉದ್ದ ಬೆರಳಿನ ಕೈಗವಸು, ಗಾಳಿ ತಡೆಯುವ ತೆಳು ಜಾಕೆಟ್, ಇವಿಷ್ಟೂ ಬಿಸಿಲಿದ್ದರೂ ಚೀಲದಲ್ಲಿ ಇರಲೇಬೇಕು.

ಊಟಕ್ಕೆ ಪ್ಯಾಕೇಜಿನಲ್ಲಿ ‘ಸಸ್ಯಾಹಾರ’ ಅಂತ ಬರೆಸಿದ್ದೆವು, ಒಂದು ಹೋಟೆಲಿಗೂ ಆ ಸುದ್ದಿ ಮುಟ್ಟಿರಲಿಲ್ಲ. ಆದರೂ ಹಸಿದು ಮಲಗಲಿಲ್ಲ. ಆಲೂಗಡ್ಡೆ ತುರಿದು ಹುರಿದ ರೋಸ್ಟಿ, ಮ್ಯಾಕರೋನಿ-ಆಲೂಗಡ್ಡೆ-ಚೀಸ್ ಕೂಡಿಸಿ ಸೇಬಿನ ಗೊಜ್ಜಿನ ಜೊತೆ ಕೊಡುವ ಆಲ್ಪ್ಲರ್‌ಮಾಗ್ರೋನನ್, ಐರೋಲೊ ಕಡೆ ಪೊಲೆಂಟಾ ಅನ್ನುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮ್ಯಾಕರೋನಿಯಲ್ಲಿ ಕೆಲವರು ಹಂದಿ ಮಾಂಸದ ಚೂರು ಹಾಕುತ್ತಾರೆ, ಕೇಳಿಯೇ ತಿನ್ನಿ. ಕಟ್ಟಾ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು, ಅಲ್ಲಿನ ಸಾಂಪ್ರದಾಯಿಕ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ನಾವು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ದಿದ್ದೆವು. ತುಪ್ಪ, ಪೇಡೆ ಒಯ್ಯಬೇಡಿ. ನಮ್ಮ ಕಡೆಯಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡುವುದಿಲ್ಲ. ನೀರು ಕೊಳ್ಳಲೇಬೇಡಿ. ಊರೂರಿಗೆ ಮರದ್ದೋ ಕಲ್ಲಿನದೋ ದೋಣಿ, ಅದಕ್ಕೆ ಸುರಿಯುವ ನಲ್ಲಿ. ಕುಡಿಯಬಾರದು ಅಂತ ಬೋರ್ಡಿಲ್ಲದಿದ್ದರೆ ಕುಡಿಯುವ ನೀರೇ.

ಒಬರಾಲ್ಪ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಮೊದಲ ಸಲ ಹೋಗುವವರು ಅಲ್ಲಿಂದ ಶುರು ಮಾಡಲಿ ಅಂತಷ್ಟೇ. 2044 ಮೀಟರ್. ರೈಲು ಘಾಟಿಯ ನೆತ್ತಿಗೇ ಹೋಗುತ್ತದೆ, ಸೈಕಲ್ ಹಾಕಿಕೊಂಡು ಹೋಗಿ ಬರೀ ಇಳಿಯಬಹುದು. ಅಲ್ಲಿಂದ ಒಂದೂವರೆ ಗಂಟೆ ನಡೆದರೆ ತೋಮಾ ಕೆರೆ, ರೈನ್ ನದಿಯ ಮೂಲ ಅಂತ ಹೆಸರಾದದ್ದು. ಈ ಸುತ್ತಿನಲ್ಲೇ ರೈನ್, ರಾಯಿಸ್, ಟಿಚೀನೊ, ರೋನ್ ನಾಲ್ಕೂ ನದಿಗಳು ಹುಟ್ಟುತ್ತವೆ, ಮೂಲಗಳನ್ನು ಕೂಡಿಸುವ 85 ಕಿ.ಮೀ. ಕಾಲುದಾರಿ 2012ರಿಂದ ಇದೆ. ಭಾಮೈದನ ಕಣ್ಣು ಈಗ ಅದರ ಮೇಲೆ.

ಬುಕ್ ಮಾಡುವ ಮುಂಚೆ ಕಂಪನಿಗೆ ಮೇಲ್ ಬರೆದು ಮೂರು ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಬ್ಯಾಗು ಮತ್ತು ಸೈಕಲ್ ಮಾತ್ರ ಕೊಡಲು ತಯಾರಿದ್ದೀರಾ? ನಮಗೆ ಇಲ್ಲ ಅಂದಿದ್ದರು, ಕೊನೆಗೆ ನೋಡಿದರೆ ಅದೇ ಹೋಟೆಲಿನಲ್ಲಿದ್ದ ಜರ್ಮನ್ ದಂಪತಿಗೆ ಕೊಟ್ಟಿದ್ದರು. ಪಂಪು, ಟ್ಯೂಬು ಒಂದಕ್ಕೊಂದು ಕೂಡುತ್ತವಾ? ಘಾಟಿ ಸಾಮಾನ್ಯವಾಗಿ ತೆರೆದಿರುವುದು ಜೂನ್‌ನಿಂದ ಅಕ್ಟೋಬರ್, ನಡುವೆ ಹಿಮ ಬಿದ್ದು ಒಂದು ದಿನ ಮುಚ್ಚಿದರೆ ಆ ದಿನದ ಸೈಕಲ್ ಬಾಡಿಗೆ ವಾಪಸ್ ಕೊಡುತ್ತೀರಾ? ನಮ್ಮ ಕರಾರಿನಲ್ಲಿ ಕೊಡುವುದಿಲ್ಲ ಅಂತ ಹನ್ನೊಂದನೇ ಪುಟದಲ್ಲಿ ಇತ್ತು. ಸೈಕಲ್ಲಿನ ಠೇವಣಿ ಮಾತ್ರ ಪೂರ್ತಿ ಬಂತು, ಮೂರು ವಾರ ತಡವಾಗಿ, ಬ್ಯಾಂಕಿನ ಖರ್ಚು ಹಿಡಿದುಕೊಂಡು.